ಗುರಿಹಲಗೆಯ ತೂತುಗಳು ಹೇಳುವ ಕಥೆ

ಅಂಚೆಚೀಟಿ ಕೂಡಿಸುವವರನ್ನು ನಾವೆಲ್ಲರೂ ಬಲ್ಲೆವು. ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಬಣ್ಣದ ಗೋಲಿ ಮುಂತಾದವನ್ನು ಕೂಡಿಸುವ ಹುಡುಗ ಹುಡುಗಿಯರು ಪ್ರತಿಯೊಂದು ಶಾಲೆಯಲ್ಲಿಯೂ ಇರುತ್ತಾರೆ. ಆದರೆ ತೂತುಬಿದ್ದ ಹಳೆಯ ಕಾಗದವನ್ನು ಜೋಪಾನವಾಗಿ ಎತ್ತಿಡುವವರೂ ಲೋಕದಲ್ಲಿ ಉಂಟೆಂದರೆ ಹಲವರಿಗೆ ನಗು ಬಂದೀತು. ಏರ್‌ಗನ್ ಅಭ್ಯಾಸಕ್ಕೆ ಬಳಸಿದ ಗುರಿಕಾಗದ, ಜಾತ್ರೆಯ ತಗಡಿನ ಗುರಿಹಲಗೆ, ಖಾಲಿಯಾದ ಗುಂಡಿನ ಡಬ್ಬಿ, ಮಕ್ಕಳ ಆಟದ ಬಿಲ್ಲು, ಕವಣೆ, ದೀಪಾವಳಿಯ ಕೇಪು ಪಿಸ್ತೂಲು ಇವೆಲ್ಲವೂ ಇಂದು ಸಂಗ್ರಹಕಾರರು ಹುಡುಕುವ ವಸ್ತುಗಳಾಗಿವೆ. ಇವುಗಳಲ್ಲಿ ಅಂಥದೇನಿದೆ, ಇವನ್ನು ಉಳಿಸುವುದರಿಂದ ಯಾರಿಗೆ ಏನು ಲಾಭ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಗುರಿ ಎಂಬ ಪದಕ್ಕೆ ನಮ್ಮ ನೆರೆಯ ತಮಿಳಿನಲ್ಲಿ ಕುಱಿ ಎನ್ನುತ್ತಾರೆ. ಎರಡೂ ಒಂದೇ ಬೇರಿನಿಂದ ಬಂದ ಪದಗಳು. ಗುರುತು ಎಂಬ ಪದವೂ ಇದೇ ಮನೆಯದು. ಗುರಿ ಎಂದರೆ ಗುರುತು ಮಾಡಿಕೊಂಡ ಜಾಗ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ದ್ರೋಣರ ಮರದ ಹಕ್ಕಿ

ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಮರದ ತುದಿಯಲ್ಲಿ ಹಕ್ಕಿ. ನಿನಗೇನು ಕಾಣುತ್ತದೆ ಎಂಬ ಪ್ರಶ್ನೆ. ಧರ್ಮರಾಯನಿಗೆ ಮರ, ಗುರು, ತಮ್ಮಂದಿರು ಎಲ್ಲವೂ ಕಂಡಿತು. ಅರ್ಜುನನಿಗೆ ಹಕ್ಕಿಯ ತಲೆ ಮಾತ್ರ ಕಂಡಿತು. ಏಕಾಗ್ರತೆಯ ಪಾಠವೆಂದು ಇದನ್ನು ತರಗತಿಯಲ್ಲಿ ಹೇಳುತ್ತೇವೆ. ಆದರೆ ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಆ ಹಕ್ಕಿ ಜೀವವಿದ್ದ ಹಕ್ಕಿಯಲ್ಲ. ದ್ರೋಣರು ಕುಶಲಿಗಳ ಕೈಯಲ್ಲಿ ಮಾಡಿಸಿ, ಶಿಷ್ಯರಿಗೆ ತಿಳಿಯದಂತೆ ಮರದ ಮೇಲೆ ಇಡಿಸಿದ ಕೃತಕ ಹಕ್ಕಿ ಅದು. ದ್ರೌಪದಿಯ ಸ್ವಯಂವರದಲ್ಲಿ ಇಟ್ಟಿದ್ದೂ ಯಂತ್ರದ ಗುರಿಯೇ.

ಗುರಿಹಲಗೆಯ ಹಿರಿಮೆ ಇಲ್ಲಿಯೇ ಇದೆ. ಕೊಲ್ಲದೆ ಕಲಿಯುವುದಕ್ಕಾಗಿ ಮನುಷ್ಯ ಮಾಡಿಕೊಂಡ ವಸ್ತು ಅದು. ಕೋವಿ, ಬಿಲ್ಲು, ಕವಣೆ ಇವು ಬೇಟೆಗೂ ಯುದ್ಧಕ್ಕೂ ಹುಟ್ಟಿದವು. ಅವುಗಳನ್ನು ಆಟವಾಗಿ, ವಿದ್ಯೆಯಾಗಿ ಮಾರ್ಪಡಿಸಿದ್ದು ಗುರಿಹಲಗೆ. ಆದ್ದರಿಂದಲೇ ಹಳೆಯ ಕೋವಿಗಿಂತ ಹಳೆಯ ಗುರಿಕಾಗದ ಹೆಚ್ಚು ಮಾತಾಡುತ್ತದೆ ಎಂದು ನನ್ನ ಭಾವನೆ.

ನಮ್ಮ ಸೀಮೆಯ ಬಿಲ್ಲು, ಕವಣೆ, ಕೋವಿ

ಹಿಂದೆ ನಮ್ಮದೆಲ್ಲ ಒಂದೇ ಸೇಲಂ ಜಿಲ್ಲೆಯಾಗಿತ್ತು. 1965ರಲ್ಲಿ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಗಿ ಹೊಸೂರು, ಡೆಂಕಣಿಕೋಟೆಗಳು ಅದಕ್ಕೆ ಸೇರಿದವು. ಹೆಸರು ಬದಲಾದರೂ ನೆಲ ಬದಲಾಗಲಿಲ್ಲ. ಈ ನೆಲದಲ್ಲಿ ಗುರಿಯ ನೆನಪುಗಳು ಬಹು ಹಳೆಯವು.

ಧರ್ಮಪುರಿಯ ಹಿಂದಿನ ಹೆಸರು ತಗಡೂರು. ನೊಳಂಬರ ಕಾಲದ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ಸುತ್ತಲಿನ ಹಳ್ಳಿಗಳಲ್ಲಿ ಸಿಕ್ಕ ವೀರಗಲ್ಲುಗಳನ್ನು ಧರ್ಮಪುರಿಯ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ತಮಿಳಿನಲ್ಲಿ ಇವಕ್ಕೆ ನಡುಕಲ್ ಎಂದು ಹೆಸರು. ತುರು ಕದ್ದೊಯ್ದ ಹಗೆಗಳೊಡನೆ ಹೋರಾಡಿ ಸತ್ತವನ ಕಲ್ಲು ಎಂದರೆ ಕೈಯಲ್ಲಿ ಬಿಲ್ಲೋ ಕತ್ತಿಯೋ ಇರುತ್ತದೆ. ಕೆಲವು ಕಲ್ಲುಗಳಲ್ಲಿ ಮೈಗೆ ನಾಟಿದ ಬಾಣಗಳನ್ನೂ ಕಡೆದಿರುತ್ತಾರೆ. ಬರಹವಿರುವ ಕಲ್ಲು ಯಾವ ಅರಸನ ಎಷ್ಟನೆಯ ವರ್ಷ, ಯಾವ ಊರು, ಯಾರು ಸತ್ತರು ಎಂಬುದನ್ನು ಸಾವಿರ ವರ್ಷಗಳ ನಂತರವೂ ಹೇಳುತ್ತದೆ. ಬರಹವಿಲ್ಲದ ಕಲ್ಲು ಬರಿಯ ಚಿತ್ರವಾಗಿ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಸಂಗ್ರಹ ಮಾಡುವ ಪ್ರತಿಯೊಬ್ಬನೂ ನೆನಪಿಡಬೇಕು.

ಇನ್ನು ಕವಣೆ. ರಾಗಿ, ಜೋಳ, ಸಜ್ಜೆ ತೆನೆಗಟ್ಟುವ ಕಾಲಕ್ಕೆ ಹೊಲದ ನಡುವೆ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸಿ ಗಿಳಿ ಗುಬ್ಬಿಗಳನ್ನು ಓಡಿಸುವುದು ನಮ್ಮ ರೈತರ ಮನೆಯ ಮಕ್ಕಳ ಕೆಲಸವಾಗಿತ್ತು. ಮುರುಗನು ಮೆಚ್ಚಿ ಮದುವೆಯಾದ ವಳ್ಳಿಯೂ ತೆನೆ ಕಾಯುತ್ತಿದ್ದ ಹುಡುಗಿಯೇ. ಅವಳ ಕೈಯಲ್ಲಿಯೂ ಕವಣೆಯೇ. ನಾರಿನ ಎರಡು ಎಳೆ, ನಡುವೆ ಕಲ್ಲು ಕೂರುವ ತೊಟ್ಟಿಲು. ಒಂದು ತುದಿ ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸರಿಯಾದ ಗಳಿಗೆಯಲ್ಲಿ ಬಿಡುವುದು. ಇಷ್ಟು ಸರಳವಾದ ವಸ್ತುವಿನಲ್ಲಿ ಭೌತಶಾಸ್ತ್ರದ ಒಂದು ಪಾಠವೇ ಅಡಗಿದೆ. ತೋಳಿನ ಉದ್ದಕ್ಕೆ ಹಗ್ಗದ ಉದ್ದ ಸೇರಿ ಕಲ್ಲು ದೊಡ್ಡ ವೃತ್ತದಲ್ಲಿ ಸುತ್ತುವುದರಿಂದ ಬರಿಗೈಯಲ್ಲಿ ಎಸೆದುದಕ್ಕಿಂತ ವೇಗ ಹೆಚ್ಚುತ್ತದೆ.

ಕವೆಗೋಲಿಗೆ ರಬ್ಬರು ಕಟ್ಟಿದ್ದು ಕ್ಯಾಟರ್‌ಬಿಲ್ಲು. ಇಂಗ್ಲಿಷಿನ ಕ್ಯಾಟಪಲ್ಟ್ ಎಂಬ ಪದಕ್ಕೆ ನಮ್ಮ ಹುಡುಗರು ಬಿಲ್ಲನ್ನು ಜೋಡಿಸಿ ಎಷ್ಟು ಸೊಗಸಾದ ಕನ್ನಡ ಮಾಡಿಕೊಂಡಿದ್ದಾರೆ ನೋಡಿ! ತಮಿಳಿನಲ್ಲಿ ಇದು ಉಂಡಿವಿಲ್. ಬಿದಿರಿನ ಕೊಳವೆಯಲ್ಲಿ ಕಾಯನ್ನು ತುರುಕಿ ಕಡ್ಡಿಯಿಂದ ನೂಕಿ ಪಟ್ ಎನ್ನಿಸುವ ಪೆಟ್ಲು ಕನ್ನಡ ನಾಡಿನ ಹಲವೆಡೆ ಮಕ್ಕಳ ಆಟಿಕೆಯಾಗಿತ್ತು. ಒಂದು ಕಾಯಿ ಮುಂದೆ ಬಿಗಿಯಾಗಿ ಕೂತಿರುತ್ತದೆ; ಹಿಂದಿನಿಂದ ಇನ್ನೊಂದನ್ನು ನೂಕಿದಾಗ ನಡುವಿನ ಗಾಳಿ ಒತ್ತಿಕೊಂಡು ಮುಂದಿನದನ್ನು ಚಿಮ್ಮಿಸುತ್ತದೆ. ಏರ್‌ಗನ್ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ.

ಡೆಂಕಣಿಕೋಟೆಯ ದೇವರ ಹೆಸರೇ ಬೇಟರಾಯಸ್ವಾಮಿ. ದೇವರ ಹೆಸರಿನಲ್ಲಿಯೇ ಬೇಟೆ ಇರುವ ಕಾಡುಸೀಮೆ ನಮ್ಮದು. ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ತನ್ನ ಮೊದಲ ಪುಸ್ತಕದಲ್ಲಿ ಜವಳಗಿರಿ, ಗುಮ್ಮಳಾಪುರಗಳ ಬೇಟೆಯ ಕಥೆಗಳನ್ನು ಬರೆದರು. ಪೂರ್ಣಚಂದ್ರ ತೇಜಸ್ವಿಯವರು ಅವರ ಕಥೆಗಳನ್ನು ಕಾಡಿನ ಕಥೆಗಳು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ನಮ್ಮ ಊರುಗಳ ಹೆಸರನ್ನು ಪುಸ್ತಕದಲ್ಲಿ ಓದುವ ಸಂತೋಷ ನಿಮಗೂ ಸಿಗಲಿ. ಆದರೆ ಆ ಕಾಲ ಮುಗಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 2014ರಲ್ಲಿ ನಮ್ಮ ಕಾಡಿನ ಒಂದು ಭಾಗ ಕಾವೇರಿ ಉತ್ತರ ವನ್ಯಜೀವಿ ಧಾಮವಾಯಿತು. 2022ರಲ್ಲಿ ಕಾವೇರಿ ದಕ್ಷಿಣ ಧಾಮವೂ ಆಯಿತು. ಇಂದು ಕ್ಯಾಟರ್‌ಬಿಲ್ಲಿನಿಂದ ಕಾಡುಹಕ್ಕಿಯನ್ನು ಹೊಡೆಯುವುದೂ ಅಪರಾಧವೇ. ಉಳಿದಿರುವುದು ಗುರಿಹಲಗೆ ಒಂದೇ.

ಒಂದು ಗುಬ್ಬಿಯ ಕಥೆ

ಆಟದ ಏರ್‌ಗನ್ನಿಗೂ ಸಂಗ್ರಹಕ್ಕೂ ಇರುವ ಸಂಬಂಧವನ್ನು ತೋರಿಸುವ ನಿಜವಾದ ಕಥೆಯೊಂದು ನಮ್ಮ ದೇಶದಲ್ಲಿಯೇ ನಡೆದಿದೆ. 1896ರಲ್ಲಿ ಹುಟ್ಟಿದ ಸಾಲಿಂ ಅಲಿ ಎಂಬ ಹುಡುಗನಿಗೆ ಅವನ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಆಟದ ಏರ್‌ಗನ್ ಒಂದನ್ನು ಕೊಟ್ಟಿದ್ದರು. ಹುಡುಗ ಅದರಿಂದ ಒಂದು ಗುಬ್ಬಿಯನ್ನು ಹೊಡೆದ. ಎತ್ತಿ ನೋಡಿದರೆ ಕೊರಳಿನಲ್ಲಿ ಹಳದಿ ಮಚ್ಚೆ! ಇದು ಮನೆಯ ಗುಬ್ಬಿಯಲ್ಲ, ಮತ್ತಾವುದು ಎಂದು ಮಾವನನ್ನು ಕೇಳಿದ. ಮಾವ ಅವನನ್ನು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಗೌರವ ಕಾರ್ಯದರ್ಶಿ ಮಿಲ್ಲರ್ಡ್ ಎಂಬುವರು ಆ ಹಕ್ಕಿಯ ಹೆಸರು ಹೇಳಿ, ಸೊಸೈಟಿಯ ಹಕ್ಕಿಗಳ ಸಂಗ್ರಹವನ್ನು ಹುಡುಗನಿಗೆ ತೋರಿಸಿದರು.

ಆ ಹುಡುಗನೇ ಮುಂದೆ ಭಾರತದ ಹಕ್ಕಿಗಳ ವಿಷಯದಲ್ಲಿ ಜಗತ್ತೇ ಗೌರವಿಸುವ ವಿದ್ವಾಂಸನಾದ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ನಡೆಸಿದ. 1985ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಗೆ ಆ ಗುಬ್ಬಿಯ ಹೆಸರನ್ನೇ ಇಟ್ಟ. ಇಲ್ಲಿ ನಾವು ಕಲಿಯಬೇಕಾದುದು ಹೊಡೆಯುವುದನ್ನಲ್ಲ. ಏರ್‌ಗನ್ ಹಿಡಿದು ಗುಬ್ಬಿ ಹೊಡೆದ ಹುಡುಗರು ಆ ಕಾಲದಲ್ಲಿ ಎಷ್ಟೋ ಮಂದಿ. ಕೈಯಲ್ಲಿದ್ದುದನ್ನು ಕಂಡು ಇದೇನು ಎಂದು ಕೇಳಿ, ಬಲ್ಲವರ ಬಳಿಗೆ ಒಯ್ದವನು ಮಾತ್ರ ಸಾಲಿಂ ಅಲಿಯಾದ. ಸಂಗ್ರಹದ ಮೂಲ ಈ ಪ್ರಶ್ನೆಯೇ.

ಗುರಿಕಾಗದವನ್ನು ಓದುವ ಬಗೆ

ವಿದ್ಯಾರ್ಥಿಗಳೇ, ಈಗ ಗುರಿಕಾಗದಕ್ಕೆ ಬರೋಣ. ನಿಮ್ಮ ಮುಂದೆ ಎರಡು ಕಾಗದಗಳಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಐದು ತೂತುಗಳೂ ಎಡಗಡೆ ಕೆಳಮೂಲೆಯಲ್ಲಿ, ಒಂದು ರೂಪಾಯಿ ನಾಣ್ಯದಿಂದ ಮುಚ್ಚುವಷ್ಟು ಹತ್ತಿರ ಹತ್ತಿರ ಇವೆ. ಎರಡನೆಯದರಲ್ಲಿ ಒಂದು ತೂತು ನಟ್ಟನಡುವೆ ಇದೆ, ಉಳಿದ ನಾಲ್ಕು ದಿಕ್ಕಿಗೊಂದಾಗಿ ಚೆದರಿವೆ. ಇಬ್ಬರಲ್ಲಿ ಉತ್ತಮ ಗುರಿಕಾರ ಯಾರು?

ಎರಡನೆಯವನೆಂದು ಹೇಳುವಿರಿ. ಅಲ್ಲ, ಮೊದಲನೆಯವನೇ. ಅವನ ಕೈ ಸ್ಥಿರವಾಗಿದೆ. ಐದು ಬಾರಿಯೂ ಒಂದೇ ರೀತಿಯಲ್ಲಿ ಹೊಡೆದಿದ್ದಾನೆ. ತಪ್ಪಿರುವುದು ಕೋವಿಯ ಮೇಲಿನ ಗುರಿಕಣ್ಣು. ಅದನ್ನು ಎರಡು ತಿರುವು ತಿರುಗಿಸಿದರೆ ಐದೂ ನಡುವೆ ಬೀಳುತ್ತವೆ. ಎರಡನೆಯವನದು ಅದೃಷ್ಟ, ಅದನ್ನು ಯಾವ ತಿರುಪೂ ಸರಿಪಡಿಸಲಾರದು. ಶಾಲೆ ಕಾಲೇಜುಗಳ ಎನ್.ಸಿ.ಸಿ. ದಳದಲ್ಲಿ ಪಾಯಿಂಟ್ ಟೂ ಟೂ ರೈಫಲ್ಲಿನಿಂದ ಗುರಿ ಕಲಿಸುವಾಗ ಮೊದಲು ನೋಡುವುದು ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಎಂಬುದನ್ನೇ. ಅದಕ್ಕೆ ಗ್ರೂಪಿಂಗ್ ಎನ್ನುತ್ತಾರೆ. ತೂತುಗಳು ಮೇಲಿಂದ ಕೆಳಕ್ಕೆ ಗೆರೆ ಎಳೆದಂತೆ ಬಿದ್ದಿದ್ದರೆ ಉಸಿರು ಹಿಡಿಯದೆ ಹೊಡೆದಿದ್ದಾನೆಂದು ಕಲಿಸುವವರು ಊಹಿಸುತ್ತಾರೆ.

ತೂತಿನ ಅಂಚನ್ನೂ ನೋಡಬೇಕು. ಅಂಚು ಪಂಚ್ ಹೊಡೆದಂತೆ ದುಂಡಾಗಿದ್ದರೆ ಚಪ್ಪಟೆ ತಲೆಯ ಸೀಸದ ಗುಂಡು. ಹರಿದಂತಿದ್ದರೆ ದುಂಡುತಲೆಯದೋ ಚೂಪುತಲೆಯದೋ ಇರಬಹುದು. ಸ್ಪರ್ಧೆಗಳಲ್ಲಿ ಚಪ್ಪಟೆ ತಲೆಯದನ್ನೇ ಬಳಸುವುದು ಇದಕ್ಕಾಗಿಯೇ. ಅಂಕ ಎಣಿಸುವಾಗ ಜಗಳ ಬರಬಾರದಲ್ಲ!

ಈ ವಿದ್ಯೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಅಂತರರಾಷ್ಟ್ರೀಯ ಅಳತೆಯನ್ನು ನೋಡಿ. ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿ 10 ಮೀಟರು ದೂರದಲ್ಲಿರುತ್ತದೆ. ಅತ್ಯಂತ ಹೊರಗಿನ ಉಂಗುರದ ವ್ಯಾಸ 45.5 ಮಿಲಿಮೀಟರು. ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ ಬರಿಯ 0.5 ಮಿಲಿಮೀಟರು. ಹೊಡೆಯುವ ಗುಂಡಿನ ವ್ಯಾಸ 4.5 ಮಿಲಿಮೀಟರು. ಎಂದರೆ ಗುರಿಗಿಂತ ಗುಂಡೇ ಒಂಬತ್ತು ಪಾಲು ದೊಡ್ಡದು! 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಈ ಸ್ಪರ್ಧೆಯಲ್ಲಿಯೇ ಚಿನ್ನ ಗೆದ್ದು, ಒಲಿಂಪಿಕ್ಸಿನಲ್ಲಿ ವೈಯಕ್ತಿಕ ಚಿನ್ನ ಪಡೆದ ಮೊದಲ ಭಾರತೀಯರಾದರು. ಅವರ ಕೊನೆಯ ಹೊಡೆತಕ್ಕೆ ಬಂದ ಅಂಕ 10.8. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು.

ಇಂಥ ದೊಡ್ಡ ಸ್ಪರ್ಧೆಗಳಲ್ಲಿ ಈಗ ಕಾಗದದ ಗುರಿಯಿಲ್ಲ. ಗುಂಡು ಎಲ್ಲಿ ತಗುಲಿತೆಂಬುದನ್ನು ವಿದ್ಯುನ್ಮಾನ ಯಂತ್ರವೇ ಲೆಕ್ಕ ಹಾಕಿ ತೋರಿಸುತ್ತದೆ. ಆದ್ದರಿಂದ ಕಾಗದದ ಗುರಿ ನಮ್ಮ ಕಣ್ಣೆದುರಿನಲ್ಲಿಯೇ ಹಳೆಯ ವಸ್ತುವಾಗುತ್ತಿದೆ. ಎನ್.ಸಿ.ಸಿ. ಶಿಬಿರದಿಂದ ನಿಮ್ಮ ತಂದೆಯೋ ಚಿಕ್ಕಪ್ಪನೋ ಸೋದರತ್ತೆಯೋ ತಂದಿಟ್ಟ ಕಾಗದವೊಂದು ಟ್ರಂಕಿನ ತಳದಲ್ಲಿದ್ದರೆ, ಅದು ಇನ್ನು ಮುಂದೆ ಸುಲಭವಾಗಿ ಹುಟ್ಟದ ವಸ್ತು ಎಂದು ತಿಳಿಯಿರಿ.

ಹೊರದೇಶಗಳಲ್ಲಿ

ಅಮೆರಿಕದ ಮಿಷಿಗನ್ ಸಂಸ್ಥಾನದ ಪ್ಲಿಮತ್ ಎಂಬ ಊರಿನಲ್ಲಿ ಗಾಳಿಯಂತ್ರ ಮಾಡುವ ಕಂಪನಿಯೊಂದಿತ್ತು. 1888ರ ಸುಮಾರಿಗೆ ಗಾಳಿಯಂತ್ರ ಕೊಂಡ ರೈತನಿಗೆ ಒಂದು ಏರ್‌ಗನ್ನನ್ನು ಉಚಿತವಾಗಿ ಕೊಡತೊಡಗಿದರು. ಜನರಿಗೆ ಗಾಳಿಯಂತ್ರಕ್ಕಿಂತ ಏರ್‌ಗನ್ನೇ ಹಿಡಿಸಿತು. 1895ರಲ್ಲಿ ಕಂಪನಿ ತನ್ನ ಹೆಸರನ್ನೇ ಡೈಸಿ ಎಂದು ಬದಲಿಸಿಕೊಂಡು ಏರ್‌ಗನ್ ಕಂಪನಿಯಾಯಿತು. ಇಂದು ಅದರ ಹಳೆಯ ಕೋವಿಗಳಿಗೆ ಅರ್ಕನ್ಸಾಸಿನ ರೋಜರ್ಸ್ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವೇ ಇದೆ. ಇಂಗ್ಲೆಂಡಿನಲ್ಲಿ ಕಬ್ಬಿಣದ ತಟ್ಟೆಯ ನಡುವಿನ ಸಣ್ಣ ರಂಧ್ರದೊಳಗೆ ಗುಂಡು ಹೋದರೆ ಹಿಂದಿನ ಗಂಟೆ ಬಾರಿಸುವ ಗುರಿಹಲಗೆಗಳಿದ್ದವು. ಜಾತ್ರೆಗಳಲ್ಲಿ ಎರಕದ ಕಬ್ಬಿಣದ ಬಾತು, ಮೊಲ, ಹಕ್ಕಿಗಳು ಸಾಲಾಗಿ ನಿಂತಿರುತ್ತಿದ್ದವು. ಗುಂಡು ತಗುಲಿದರೆ ಬೀಳುತ್ತಿದ್ದವು. ಅವನ್ನು ಇಂದು ಜನಪದ ಕಲೆಯೆಂದು ಆದರಿಸುತ್ತಾರೆ.

ನಮ್ಮ ತೇರು ಪರಿಷೆಗಳಲ್ಲಿ ಆ ಜಾಗವನ್ನು ತುಂಬಿದ್ದು ಬಲೂನು ಕಟ್ಟಿದ ಹಲಗೆ. ಹೊಸೂರಿನ ತೇರಿರಲಿ, ಸೇಲಂ ಕೋಟೆ ಮಾರಿಯಮ್ಮನ ಆಡಿ ಹಬ್ಬವಿರಲಿ, ಬಣ್ಣಬಣ್ಣದ ಬಲೂನುಗಳ ಮುಂದೆ ಒಂದು ಕಣ್ಣು ಮುಚ್ಚಿ ನಿಂತ ಹುಡುಗರ ಗುಂಪು ಯಾರಿಗೆ ಗೊತ್ತಿಲ್ಲ? ಒಡೆದ ಬಲೂನನ್ನು ಯಾರೂ ಕೂಡಿಸಲಾರರು. ಆದರೆ ಕೈಯಿಂದ ಬಣ್ಣ ಬಳಿದ ಅಂಗಡಿಯ ಹಲಗೆ, ಅಂಗಡಿಯವನ ಬಾಯಿಮಾತು, ಅಲ್ಲಿ ತೆಗೆಸಿಕೊಂಡ ಫೋಟೋ ಇವನ್ನು ಉಳಿಸಬಹುದಲ್ಲವೇ?

ಕೂಡಿಸುವ ಕ್ರಮ

ಮೊದಲನೆಯದಾಗಿ, ವಸ್ತುವಿಗೆ ಚೀಟಿ ಬರೆಯಿರಿ. ವೀರಗಲ್ಲಿನ ಪಾಠ ನೆನಪಿದೆಯಲ್ಲ? ಏನು, ಯಾರದು, ಯಾವ ಊರು, ಯಾವ ವರ್ಷ, ಯಾರು ಹೇಳಿದರು ಎಂಬ ಐದು ಸಂಗತಿ ಇರಬೇಕು. ಆರನೆಯದಾಗಿ ಮನೆಯಲ್ಲಿ ಅದಕ್ಕೆ ಏನೆಂದು ಕರೆಯುತ್ತಾರೆ ಎಂಬುದನ್ನು ಬರೆಯಿರಿ. ನಾವು ಗಡಿಯ ಕನ್ನಡಿಗರು. ನಮ್ಮ ಅಜ್ಜಂದಿರ ಬಾಯಲ್ಲಿದ್ದ ಕವಣೆ, ಚರೆ, ನಳಿಗೆ, ಕುದುರೆ ಎಂಬ ಪದಗಳು ವಸ್ತುವಿನ ಜೊತೆಗೇ ಮರೆಯಾಗುತ್ತಿವೆ. ಕೋವಿಯಲ್ಲಿ ಬೆರಳಿನಿಂದ ಎಳೆಯುವ ಭಾಗಕ್ಕೆ ಕುದುರೆ ಎನ್ನುತ್ತಾರೆಂದು ತರಗತಿಯಲ್ಲಿ ಹೇಳಿದರೆ ಇಂದಿನ ಮಕ್ಕಳು ನಗುತ್ತಾರೆ. ವಸ್ತುವನ್ನು ಕಪಾಟಿನಲ್ಲಿ ಉಳಿಸಬಹುದು. ಪದವನ್ನು ಬರೆದು ಮಾತ್ರ ಉಳಿಸಬಹುದು.

ಎರಡನೆಯದಾಗಿ, ಕಾಗದವನ್ನು ಅಂಟಿನಿಂದ ಅಂಟಿಸಬೇಡಿ, ಸೆಲೋಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಶುಭ್ರವಾದ ಬಿಳಿ ಕಾಗದದ ಮಡಿಕೆಯಲ್ಲಿಟ್ಟು, ಬಿಸಿಲೂ ತೇವವೂ ತಾಗದ ಕಡೆ ಚಪ್ಪಟೆಯಾಗಿ ಇರಿಸಿ. ಗೆದ್ದಲು, ಬೆಳ್ಳಿಹುಳುಗಳ ಮೇಲೆ ಆಗಾಗ ಕಣ್ಣಿಡಿ. ಚೀಟಿಯನ್ನು ಪೆನ್ಸಿಲಿನಿಂದ ಬರೆಯಿರಿ. ಶಾಯಿ ಒದ್ದೆಯಾದರೆ ಹರಡುತ್ತದೆ.

ಮೂರನೆಯದಾಗಿ, ತಗಡಿನ ಆಟಿಕೆಯ ಹಳೆಯ ಬಣ್ಣವನ್ನು ಕೆರೆದು ಹೊಸ ಬಣ್ಣ ಬಳಿಯಬೇಡಿ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಸೀಸದ ಗುಂಡು ವಿಷಕಾರಿ. ಅದನ್ನು ಮಕ್ಕಳು ಮುಟ್ಟಬಾರದು. ದೊಡ್ಡವರು ಮುಟ್ಟಿದರೂ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಬಳಸದೆ ಉಳಿದ ಕೇಪಿನ ಸುರುಳಿಯಲ್ಲಿ ಮದ್ದು ಇರುತ್ತದೆ. ಖಾಲಿ ಪೆಟ್ಟಿಗೆಯನ್ನು ಮಾತ್ರ ಇಟ್ಟುಕೊಳ್ಳಿ.

ಪೋಷಕರಿಗೆ ಎರಡು ಮಾತು

ಪೋಷಕರಲ್ಲಿ ಒಂದು ವಿನಂತಿ. ಮನೆಯಲ್ಲಿ ಹಳೆಯ ಏರ್‌ಗನ್ ಇದ್ದರೆ ಅದು ಆಟಿಕೆಯೆಂದು ಮಗುವಿನ ಕೈಗೆ ಕೊಡಬೇಡಿ. ಸ್ಪ್ರಿಂಗ್ ಸವೆದ ಏರ್‌ಗನ್ ಕೂಡ ಕಣ್ಣು ಕಳೆಯಬಲ್ಲದು. ಹೋದ ಕಣ್ಣು ಮತ್ತೆ ಬಾರದು. ಕೋವಿ ಖಾಲಿಯಿದೆ ಎಂದು ಯಾರು ಹೇಳಿದರೂ ತುಂಬಿದೆ ಎಂದೇ ಭಾವಿಸಬೇಕೆಂಬುದು ಗುರಿವಿದ್ಯೆಯ ಮೊದಲ ಪಾಠ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಮೀರಿದ ಶಕ್ತಿಯ ಅಥವಾ 0.177 ಅಂಗುಲಕ್ಕಿಂತ ದೊಡ್ಡ ನಳಿಗೆಯ ಏರ್‌ಗನ್ನಿಗೆ ಪರವಾನಗಿ ಬೇಕು. ಸಂಶಯವಿದ್ದರೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ಅಟ್ಟದ ಮೇಲೆ ಅಜ್ಜನ ಕಾಲದ ನಾಡಕೋವಿ ಕಂಡರೆ ಅದು ಸಂಗ್ರಹದ ವಸ್ತುವಲ್ಲ. ಮುಟ್ಟದೆ ಠಾಣೆಗೆ ತಿಳಿಸುವುದೇ ಕ್ಷೇಮ.

ಇನ್ನೊಂದು ಮಾತು. ಮನೆ ಬದಲಿಸುವಾಗ, ಸುಣ್ಣ ಬಳಿಯುವಾಗ ಹಳೆಯ ಟ್ರಂಕನ್ನು ರದ್ದಿಯವನಿಗೆ ಹಾಕುವ ಮುನ್ನ ಒಮ್ಮೆ ಮಕ್ಕಳ ಮುಂದೆ ತೆರೆಯಿರಿ. ತೂತುಬಿದ್ದ ಕಾಗದವನ್ನು ನೋಡಿ ಇದೇನಪ್ಪಾ ಎಂದು ಮಗ ಕೇಳಿದರೆ, ಬೆಳಗಿನ ಚಳಿಯಲ್ಲಿ ಶಿಬಿರದ ಮೈದಾನದಲ್ಲಿ ಮಲಗಿ ಹೊಡೆದುದನ್ನು, ಐದರಲ್ಲಿ ಎರಡು ತಪ್ಪಿದ್ದನ್ನು ಹೇಳಿ. ತಪ್ಪಿದ ತೂತನ್ನು ಮುಚ್ಚಿಡಬೇಡಿ. ಬಹುಮಾನದ ಬಟ್ಟಲಿನಲ್ಲಿ ಗೆದ್ದ ದಿನ ಮಾತ್ರ ಇರುತ್ತದೆ. ಗುರಿಕಾಗದದಲ್ಲಿ ಸೋತ ಹೊಡೆತವೂ ಗೆದ್ದ ಹೊಡೆತವೂ ಪಕ್ಕಪಕ್ಕದಲ್ಲಿಯೇ ಇರುತ್ತವೆ. ಪರೀಕ್ಷೆಯ ಅಂಕಪಟ್ಟಿಯನ್ನು ಕಂಡು ಕುಗ್ಗುವ ಮಗುವಿಗೆ ತಂದೆಯ ಹಳೆಯ ಗುರಿಕಾಗದ ಕೊಡುವ ಧೈರ್ಯವನ್ನು ಬೇರೆ ಯಾವ ಉಪದೇಶವೂ ಕೊಡಲಾರದು.

ವಿದ್ಯಾರ್ಥಿಗಳೇ, ಈ ಬೇಸಿಗೆ ರಜದಲ್ಲಿ ನಿಮ್ಮ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ಇಂಥ ಒಂದೇ ಒಂದು ವಸ್ತುವನ್ನು ಹುಡುಕಿ. ಕವಣೆಯಾಗಲಿ, ಕ್ಯಾಟರ್‌ಬಿಲ್ಲಿನ ಕವೆಗೋಲಾಗಲಿ, ಮುರಿದ ಕೇಪು ಪಿಸ್ತೂಲಾಗಲಿ. ಬಲ್ಲ ಹಿರಿಯರನ್ನು ಕೇಳಿ ಚೀಟಿ ಬರೆದು, ಶಾಲೆ ತೆರೆದ ಮೊದಲ ವಾರದಲ್ಲಿ ತನ್ನಿ. ಏರ್‌ಗನ್ನನ್ನೂ ಗುಂಡನ್ನೂ ಯಾರೂ ತರಕೂಡದು. ಮೂವತ್ತು ಮಕ್ಕಳು ಒಂದೊಂದು ತಂದರೆ ನಮ್ಮ ಶಾಲೆಯ ಒಂದು ಕಪಾಟು ತುಂಬುತ್ತದೆ. ಮೂವತ್ತು ಮನೆಗಳ ಮಾತು ಒಂದು ನೋಟುಪುಸ್ತಕದಲ್ಲಿ ಉಳಿಯುತ್ತದೆ.